ಇಬ್ರಿಯ ಕಾಡಿಗೆ

"ಕಣ್ಣು ತೊಳಕೋರಿ! ಮೊದಲ ಹೋಗಿ ಕಣ್ಣು ತೊಳಕೋರಿ!"

ಐಡಾ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಟೆಸ್ಟ್‌ಟ್ಯೂಬುಗಳ ಸ್ಟ್ಯಾಂಡು ಅಲುಗಿ ಖಣಖಣ ಅಂದಿತು.

ಬಾಗಿಲಲ್ಲಿ ನಿಂತವನನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ಎತ್ತರದ ಆಳು, ಬಿಸಿಲಿಗೆ ಕಪ್ಪಾದ ಮುಖ, ಬೂಟಿನ ತುಂಬ ಮಣ್ಣು. ಅವಳ ಕಣ್ಣನ್ನೇ ದಿಟ್ಟಿಸುತ್ತಿದ್ದ.

ಮಸ್ಕತ್ತಿನ ಆ ಕಾಲೇಜಿನ ಲ್ಯಾಬಿನಲ್ಲಿ ಅರಬಿ, ಇಂಗ್ಲಿಷ್, ಉರ್ದು, ಮಲಯಾಳ ಬಿಟ್ಟರೆ ಬೇರೆ ಭಾಷೆ ಅವಳ ಕಿವಿಗೆ ಬಿದ್ದದ್ದೇ ಇಲ್ಲ. ಅಂಥದ್ದರಲ್ಲಿ ಕನ್ನಡ! ಅದೂ ಬೈಗುಳದ ಹಾಗೆ!

"ನೀವು ಯಾರು? ನಾನು ಕನ್ನಡದವಳು ಅಂತ ನಿಮಗೆ ಹೇಗೆ ಗೊತ್ತು?"

"ಗೊತ್ತಿರಲಿಲ್ರೀ…" ಅವನೂ ತಬ್ಬಿಬ್ಬಾದ. "ಗಾಬರಿ ಆದ್ರ ನನಗ ಇಂಗ್ಲಿಷ್ ಬಾಯಿಗೆ ಬರೂದಿಲ್ಲ. ನಿಮ್ಮ ಕಣ್ಣಾಗ ಹಚ್ಚೀರಲ್ಲ, ಆ ಸುರ್ಮಾ… ಅದರಾಗ ಸೀಸ ಐತ್ರೀ!"

"ಎಂತ? ಸೀಸವಾ?"

"ಹೌದ್ರೀ. ದೀಪದ ಮಸಿ ಹಿಂಗ ಮಿಂಚೂದಿಲ್ಲ. ಇದು ಕಲ್ಲು ಅರೆದು ಮಾಡಿದ್ದು. ಸೀಸದ ಅದಿರು. ನಾನು ಕಲ್ಲು ನೋಡಾಂವ, ನನಗ ದೂರಿಂದನ ಗೊತ್ತಾಗ್ತೈತಿ."

ಮುತ್ರಾ ಪೇಟೆಯ ಸೂಕ್‌ನಲ್ಲಿ ಆಸೆಪಟ್ಟು ಕೊಂಡ ಸುರ್ಮಾ! ಊರಲ್ಲಿ, ಶಿರ್ವದ ಇಗರ್ಜಿಯ ಮುಂದೆ ಗೆಳತಿಯರೆಲ್ಲ ಹೊಗಳಿದ ಕಣ್ಣು! ಅದನ್ನು ಈ ಯಾರೋ ಒಬ್ಬ ಬಂದು ತೊಳೆದುಕೋ ಅನ್ನುವುದಾ?

ಐಡಾಳಿಗೆ ಸಿಟ್ಟು ಬಂತು. ಆದರೂ ಸಿಂಕಿನ ಹತ್ತಿರ ಹೋದಳು. ಯಾಕೋ… ಅವನ ಮುಖದಲ್ಲಿದ್ದ ಹೆದರಿಕೆ ಸುಳ್ಳಲ್ಲ ಅನಿಸಿತು.

ಅವನ ಹೆಸರು ಎಡ್ವರ್ಡ್. ಗದಗಿನ ಹತ್ತಿರದ ಬೆಟಗೇರಿಯವನು, ಬಾಸೆಲ್ ಮಿಶನ್ನಿನ ಪ್ರೊಟೆಸ್ಟೆಂಟ್ ಕುಟುಂಬದವನು. ಧಾರವಾಡದಲ್ಲಿ ಭೂವಿಜ್ಞಾನ ಓದಿ, ಒಮಾನಿನ ಗುಡ್ಡಗಳ ಕಲ್ಲು ಪರೀಕ್ಷಿಸಲು ಬಂದಿದ್ದ.

ಅದು 1993ರ ಮಾರ್ಚ್. ಒಮಾನಿ ಡಾಕ್ಟರ್ ರಹ್ಮಾ ಆಗಷ್ಟೇ ಒಂದು ಸಂಶೋಧನೆ ಶುರು ಮಾಡಿದ್ದರು. ಸಣ್ಣ ಮಕ್ಕಳ ಕಣ್ಣಿಗೆ ಹಚ್ಚುವ ಸುರ್ಮಾದಿಂದ ಅವರ ರಕ್ತಕ್ಕೆ ಸೀಸ ಸೇರುತ್ತದೆಯೇ? ಸೇರಿದರೆ ಅವರ ಓದಿಗೆ, ನೆನಪಿಗೆ ಏನಾಗುತ್ತದೆ? ಇಷ್ಟೇ ಪ್ರಶ್ನೆ. ಸುರ್ಮಾ ಪರೀಕ್ಷಿಸುವವನು ಎಡ್ವರ್ಡ್. ಮಕ್ಕಳ ರಕ್ತ ಪರೀಕ್ಷಿಸುವವಳು ಲ್ಯಾಬ್ ಟೆಕ್ನಿಷಿಯನ್ ಐಡಾ. ಮಕ್ಕಳಿಗೆ ಪದ ಹೇಳಿಕೊಟ್ಟು, ಒಗಟು ಬಿಡಿಸಲು ಕೊಟ್ಟು, ಅವರ ಕಲಿಕೆ ಅಳೆಯುವವಳು ಭಾರತೀಯ ಶಾಲೆಯಲ್ಲಿ ಪಾಠ ಮಾಡುವ ಪುತ್ತೂರಿನ ಲೋಲಾಕ್ಷಿ ಟೀಚರ್. ಐಡಾ ಇದ್ದ ಹಮ್ರಿಯಾದ ಕಟ್ಟಡದಲ್ಲೇ ಅವಳ ಮನೆ.

ಎಡ್ವರ್ಡ್ ಮೊದಲು ಪರೀಕ್ಷಿಸಿದ್ದು ಐಡಾಳ ಸುರ್ಮಾವನ್ನೇ. ಫಲಿತಾಂಶದ ಹಾಳೆಯನ್ನು ಅವಳು ಎರಡೆರಡು ಸಲ ಓದಿದಳು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ ಇತ್ತು!

"ಇಷ್ಟು ದಿನ ನಾನು ಇದನ್ನಾ…"

"ಹೆದರಬ್ಯಾಡ್ರಿ," ಎಂದ ಅವನು, ಈ ಸಲ ಮೆಲ್ಲಗೆ. "ದೊಡ್ಡವರಿಗೆ ಅಷ್ಟು ತ್ರಾಸಿಲ್ಲ. ಕೂಸುಗಳಿಗೆ ಕೆಟ್ಟದ್ದು. ಕಣ್ಣು ತಿಕ್ಕಿದ ಕೈ ಬಾಯಾಗ ಹೋಗ್ತೈತಿ ನೋಡ್ರಿ. ಅವತ್ತು ಒದರಿಬಿಟ್ಟೆ. ತಪ್ಪು ತಿಳೀಬ್ಯಾಡ್ರಿ."

ಅವನ ಆ 'ತಿಳೀಬ್ಯಾಡ್ರಿ' ಕೇಳಿ ಐಡಾಳಿಗೆ ನಗು ಬಂತು.

"ನಿಮ್ಮ ಕನ್ನಡ ಎಂತ ಮಾರಾಯ್ರೆ! ಜಗಳ ಆಡ್ತಾ ಇದ್ದೀರಾ, ಪ್ರೀತಿಯಿಂದ ಹೇಳ್ತಾ ಇದ್ದೀರಾ ಅಂತಲೇ ಗೊತ್ತಾಗುದಿಲ್ಲ."

"ಎರಡೂ ಒಂದ ಧಾಟಿಯಾಗ ಹೇಳ್ತೀವ್ರೀ ನಾವು!"

ಅಂದಿನಿಂದ ಅವರ ಮಾತು ಶುರುವಾಯಿತು.

ಮೇ ತಿಂಗಳಲ್ಲಿ ತಂಡ ಒಳನಾಡಿನ ಇಬ್ರಿ ಎಂಬ ಊರಿಗೆ ಹೋಯಿತು. ಗುಡ್ಡಗಳ ನಡುವಿನ ಉದ್ದನೆಯ ರಸ್ತೆ, ಬೆಂಕಿಯಂಥ ಗಾಳಿ. ಶಾಲೆಯ ವರಾಂಡದಲ್ಲಿ ಐಡಾ ಮಕ್ಕಳ ಪುಟ್ಟ ಕೈ ಹಿಡಿದು ರಕ್ತ ತೆಗೆಯುತ್ತಿದ್ದರೆ, ಎಡ್ವರ್ಡ್ ಅವರ ಮುಂದೆ ಕೂತು ಬಣ್ಣಬಣ್ಣದ ಕಲ್ಲು ತೋರಿಸಿ ಅಳು ಮರೆಸುತ್ತಿದ್ದ. ಅವನಿಗೆ ಬರುತ್ತಿದ್ದ ಅರಬಿ ನಾಲ್ಕು ಮಾತಿನದ್ದು. ಆದರೂ ಮಕ್ಕಳು ಅವನ ಹಿಂದೆಯೇ!

'ಎಷ್ಟು ಒಳ್ಳೆಯ ಮನುಷ್ಯ…' ಐಡಾ ಅಂದುಕೊಂಡಳು. ಅಂದುಕೊಂಡದ್ದೇ ತಡ, ಕೆನ್ನೆ ಬಿಸಿಯಾಯಿತು.

ಅಲ್ಲೇ ಉಮ್ ಸಈದ್ ಎಂಬ ಮುದುಕಿ ಅವಳನ್ನು ಮನೆಗೆ ಕರೆದು, ಖರ್ಜೂರ, ಕಹ್ವಾ ಕಾಫಿ ಕೊಟ್ಟಳು. ಕಾಡಿಗೆ ಇಲ್ಲದ ಐಡಾಳ ಕಣ್ಣನ್ನು ನೋಡಿ ಚ್ಚುಚ್ಚು ಎಂದು, ಪುಟ್ಟ ಹಿತ್ತಾಳೆ ಡಬ್ಬಿಯೊಂದನ್ನು ಅವಳ ಕೈಗಿಟ್ಟಳು. ಲುಬಾನ್, ಅಂದರೆ ಧೂಪದ ಅಂಟನ್ನು ಉರಿಸಿ, ಅದರ ಮಸಿ ಹಿಡಿದು ಮಾಡಿದ ಕಾಡಿಗೆ.

"ಇದು ಕಲ್ಲಿನದ್ದಲ್ಲ ಅಂತೆ," ಐಡಾ ಹೊರಗೆ ಬಂದು ಎಡ್ವರ್ಡನಿಗೆ ತೋರಿಸಿದಳು. "ಫ್ಲೇವಿಗೆ ಹಚ್ಚಬಹುದಾ? ಅವಳಿಗೆ ಕಾಡಿಗೆ ಅಂದರೆ ಜೀವ. ನಾನು ಹಚ್ಚಿಕೊಳ್ಳುವಾಗೆಲ್ಲ ತನಗೂ ಬೇಕು ಅಂತ ಅಳ್ತಿದ್ದಳು. ನಿಮ್ಮ ಮಾತು ಕೇಳಿದ ಮೇಲೆ ಮನೆಯಲ್ಲಿ ಎಲ್ಲ ಎಸೆದುಬಿಟ್ಟೆ."

ಫ್ಲೇವಿ ಅಂದರೆ ಫ್ಲೇವಿಯಾ. ಐಡಾಳ ಅಣ್ಣ ಬೊನಿಫಾಸನ ನಾಲ್ಕು ವರ್ಷದ ಮಗಳು. ಐಡಾ ಇದ್ದದ್ದು ಅಣ್ಣ-ಅತ್ತಿಗೆಯ ಜೊತೆ. ಅಣ್ಣ ಘಾಲಾದ ಒಂದು ಬ್ಯಾಟರಿ ಕಂಪನಿಯಲ್ಲಿ ಸ್ಟೋರ್‌ಕೀಪರ್. ಅತ್ತಿಗೆ ಡಾಲಿ ಮನೆಯಲ್ಲೇ. ಆ ಮನೆಯ ಬೆಳಕೆಲ್ಲ ಫ್ಲೇವಿಯೇ.

"ಪರೀಕ್ಷೆ ಮಾಡಿ ಹೇಳ್ತೀನ್ರೀ. ಅಲ್ಲೀತನಕ ಮುಟ್ಟಬ್ಯಾಡ್ರಿ," ಎಂದ ಎಡ್ವರ್ಡ್.

ವಾರ ಕಳೆದು ಡಬ್ಬಿ ವಾಪಸ್ ಕೊಟ್ಟ. ಮುಖ ಅರಳಿತ್ತು.

"ಒಂದ್ ಚೂರೂ ಸೀಸ ಇಲ್ಲ! ಬರೇ ಮಸಿ. ಬೇಕಾದಷ್ಟು ಹಚ್ರಿ ಆ ಕೂಸಿಗೆ. ನಿಮಗೂ…" ಎಂದು ತಡೆದ. "ನೀವು ಹಚ್ಚಿದ್ರೂ ಚಂದ, ಹಚ್ಚದಿದ್ರೂ ಚಂದ."

ಅಷ್ಟು ಹೇಳಿ ಅವನು ಓಡಿಯೇ ಹೋದ! ಐಡಾ ಡಬ್ಬಿ ಹಿಡಿದು ಅಲ್ಲೇ ನಿಂತಳು. ಎದೆಯೊಳಗೆ ಏನೋ ಕುಣಿಯುತ್ತಿತ್ತು.

ಆಮೇಲಿನ ತಿಂಗಳುಗಳು ಹಬ್ಬದಂತೆ ಕಳೆದವು. ಸಂಜೆ ರೂವಿಯ ಇಗರ್ಜಿಯ ಹೊರಗೆ ಸಿಗುತ್ತಿದ್ದರು. ಕಡಲಂಚಿನ ಕಾರ್ನಿಷ್‌ನಲ್ಲಿ ನಡೆಯುತ್ತಿದ್ದರು. ಪ್ರೀತಿ ಎಂಬ ಪದವನ್ನು ಇಬ್ಬರೂ ಆಡಲಿಲ್ಲ. ಆಡುವ ಅವಸರವೂ ಇರಲಿಲ್ಲ.

ಮೊದಲು ಎಚ್ಚರಿಸಿದವಳು ಲೋಲಾಕ್ಷಿ ಟೀಚರ್.

"ಐಡಾ, ಬೇಸರ ಮಾಡ್ಬೇಡ ಮಾರಾಯ್ತಿ. ಫ್ಲೇವಿ ಮೊದಲಿನ ಹಾಗಿಲ್ಲ. ಅವಳು ನನ್ನದೇ ಕ್ಲಾಸು ಅಲ್ವಾ? ಜೂನ್‌ನಲ್ಲಿ ಪಟಪಟ ಹೇಳ್ತಿದ್ದ ಪದ್ಯ ಈಗ ನೆನಪೇ ಇಲ್ಲ. ಸುಮ್ಮನೆ ಮೂಲೆಯಲ್ಲಿ ಕೂತಿರ್ತಾಳೆ. ಹೊಟ್ಟೆ ನೋವು ಅಂತಾಳೆ."

"ಹೊಟ್ಟೆಹುಳ ಉಂಟೇನೋ…" ಐಡಾ ಅಂದಳು. ಆದರೆ ಒಳಗೆ ಏನೋ ಚುಚ್ಚಿತು.

ಅಕ್ಟೋಬರಿನ ಒಂದು ಶುಕ್ರವಾರ, ಅಲ್ಲಿನ ವಾರದ ರಜೆ. ಇಗರ್ಜಿಯ ಪೂಜೆ ಮುಗಿಸಿ ಬಂದು ಎಲ್ಲರೂ ಊಟಕ್ಕೆ ಕೂತಿದ್ದರು. ಫ್ಲೇವಿಯ ಕೈಯಲ್ಲಿದ್ದ ಹಪ್ಪಳ ಕೆಳಗೆ ಬಿತ್ತು.

ಆಮೇಲೆ ಮಗುವೇ ಕುರ್ಚಿಯಿಂದ ಕೆಳಗೆ ಬಿತ್ತು!

ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಕೈಕಾಲು ಅದುರುತ್ತಿತ್ತು. ಬಾಯಲ್ಲಿ ನೊರೆ.

"ಫ್ಲೇವೀ! ಜೆಜು… ಎಂತ ಆಯ್ತು ನನ್ನ ಮಗುವಿಗೆ!" ಡಾಲಿಯ ಚೀರಾಟಕ್ಕೆ ಇಡೀ ಕಟ್ಟಡದ ಬಾಗಿಲುಗಳು ತೆರೆದವು. ಬೊನಿಫಾಸ್ ಮಗಳನ್ನು ಎತ್ತಿಕೊಂಡು ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿದ.

ಆಸ್ಪತ್ರೆಯಲ್ಲಿ ಅಪಸ್ಮಾರ ಇರಬಹುದು ಎಂದರು. ಮೆದುಳು ಜ್ವರ ಇರಬಹುದು ಎಂದರು. ರಕ್ತ ತುಂಬ ಕಡಿಮೆ ಇದೆ ಎಂದರು.

ಹೊಟ್ಟೆ ನೋವು… ರಕ್ತಹೀನತೆ… ಮರೆವು… ಈಗ ಫಿಟ್ಸ್…

ಇದೇ ಲಕ್ಷಣಗಳನ್ನು ಐಡಾ ತಿಂಗಳುಗಟ್ಟಲೆ ಬೇರೆ ಮಕ್ಕಳಲ್ಲಿ ಹುಡುಕುತ್ತಾ ಬಂದಿರಲಿಲ್ಲವೇ?

'ಬೇಡ ದೇವರೇ… ಅದು ಮಾತ್ರ ಬೇಡ…'

ಡಾಕ್ಟರನ್ನು ಬೇಡಿಕೊಂಡು, ಮಗುವಿನ ರಕ್ತದ ಒಂದು ಟ್ಯೂಬು ಹಿಡಿದು ಅವಳು ತನ್ನ ಲ್ಯಾಬಿಗೆ ಹೋದಳು. ತನ್ನದೇ ಕೈಯಿಂದ ಯಂತ್ರಕ್ಕೆ ಕೊಟ್ಟಳು.

ಅಂಕಿ ಬಂತು.

ಯಂತ್ರ ಕೆಟ್ಟಿದೆ ಅಂದುಕೊಂಡಳು. ಮತ್ತೆ ಮಾಡಿದಳು. ಮತ್ತೆ ಅದೇ! ಅವಳು ಪರೀಕ್ಷಿಸಿದ್ದ ಯಾವ ಮಗುವಿನ ರಕ್ತದಲ್ಲೂ, ಇಬ್ರಿಯ ಯಾವ ಮಗುವಿನಲ್ಲೂ, ಇಷ್ಟು ಸೀಸ ಇರಲಿಲ್ಲ.

ಐಡಾ ಸ್ಟೂಲಿನ ಮೇಲೆ ಕುಸಿದಳು. ದಿನಾ ಬೆಳಿಗ್ಗೆ ಫ್ಲೇವಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗಲ್ಲ ಹಿಡಿದು, ಕಾಡಿಗೆ ಹಚ್ಚಿದವರು ಯಾರು?

ಅವಳೇ! ಅವಳ ಇದೇ ಕೈ!

ಎಡ್ವರ್ಡ್ ತನ್ನ ಕೋಣೆಯಲ್ಲಿ ಕಲ್ಲಿನ ಚೂರುಗಳ ಮಧ್ಯೆ ಕೂತಿದ್ದ. ಅವಳನ್ನು ಕಂಡು ನಗುತ್ತಾ ಎದ್ದ. ಆ ನಗು ಅಲ್ಲೇ ಆರಿಹೋಯಿತು.

"ನೀವು ಒಂದು ಚೂರೂ ಸೀಸ ಇಲ್ಲ ಅಂದಿರಿ!" ಐಡಾಳ ದನಿ ಒಡೆದಿತ್ತು. "ಬೇಕಾದಷ್ಟು ಹಚ್ಚಿ ಅಂದಿರಿ! ನಾನು ನಂಬಿದೆ! ನಿಮ್ಮ ಮಾತು ನಂಬಿ ನನ್ನ ಕೈಯಾರೆ ಆ ಮಗುವಿಗೆ ವಿಷ ಹಾಕಿದೆ!"

"ಏನಾತ್ರೀ? ಫ್ಲೇವಿಗೆ ಏನಾತು?"

ಅವಳು ಹಾಳೆಯನ್ನು ಅವನ ಮೇಜಿನ ಮೇಲೆ ಬಿಸಾಡಿದಳು. ಅವನು ನೋಡಿದ. ಬಿಸಿಲಿಗೆ ಕಪ್ಪಾಗಿದ್ದ ಆ ಮುಖ ಬೂದಿಯಂತೆ ಬಿಳಿಚಿಕೊಂಡಿತು.

"ಇದು… ಫ್ಲೇವಿದಾ?"

"ಎಂತ ಹೇಳ್ತೀರಿ ಈಗ? ಹೇಳಿ!"

ಅವನು ವಾದ ಮಾಡಬಹುದಿತ್ತು. ನನ್ನ ಪರೀಕ್ಷೆ ಸರಿಯಿದೆ ಅನ್ನಬಹುದಿತ್ತು. ಅವನು ಎರಡೂ ಮಾಡಲಿಲ್ಲ. ಮೇಜಿನ ಅಂಚು ಹಿಡಿದು ನಿಂತ.

"ನನ್ನಿಂದ ತಪ್ಪಾಗಿರಬಹುದು," ಎಂದ. "ಒಂದು ಡಬ್ಬಿಯ ಬದಲು ಇನ್ನೊಂದು ನೋಡಿರಬಹುದು… ಐಡಾ, ನಾ ಆಸ್ಪತ್ರೆಗೆ ಬರ್ತೀನಿ…"

"ಬೇಡ! ನೀವು ಬರಬೇಡಿ! ನನ್ನ ಕಣ್ಣೆದುರಿಗೇ ಬರಬೇಡಿ!"

ಅವಳು ತಿರುಗಿ ನೋಡದೆ ಹೊರಟುಹೋದಳು.

ರೋಗ ಏನೆಂದು ತಿಳಿದದ್ದರಿಂದ ಮಗುವಿನ ಜೀವ ಉಳಿಯಿತು. ಸೀಸವನ್ನು ಮೂತ್ರದಲ್ಲಿ ಹೊರಹಾಕುವ ಇಂಜೆಕ್ಷನ್ ಕೊಟ್ಟರು. ಫ್ಲೇವಿ ಮೆಲ್ಲನೆ ಕಣ್ಣು ತೆರೆದಳು. "ಆಂಟೀ, ಐ ವಾಂಟ್ ಪಪ್ಪಾ," ಅಂದಳು.

ಡಾಲಿ ಅತ್ತಿಗೆ ಮಾತ್ರ ಐಡಾಳ ಜೊತೆ ಮಾತು ಬಿಟ್ಟಳು. ಆಸ್ಪತ್ರೆಯ ವರಾಂಡದಲ್ಲಿ ಒಂದೇ ಒಂದು ಸಲ ಬಾಯಿ ಬಿಟ್ಟಿದ್ದಳು.

"ನಿನಗೆ ಮಕ್ಕಳಾದ ಮೇಲೆ ಗೊತ್ತಾಗ್ತದೆ ಐಡಾ."

ಅಷ್ಟೇ. ಆ ಮಾತಿಗೆ ಐಡಾ ಎಷ್ಟು ಅತ್ತಳೆಂದರೆ, ಅಳು ಬತ್ತಿಹೋಯಿತು.

ಫ್ಲೇವಿ ಮನೆಗೆ ಬಂದ ವಾರದಲ್ಲಿ ಲೋಲಾಕ್ಷಿ ಟೀಚರ್ ಬಂದು ಹೇಳಿದಳು.

"ಎಡ್ವರ್ಡ್ ಎಂತ ಮಾಡಿದ್ದಾರೆ ಗೊತ್ತುಂಟಾ ನಿನಗೆ? ಡಾಕ್ಟರ್ ರಹ್ಮಾ ಹತ್ರ ಹೋಗಿ, ನನ್ನ ಒಂದು ಫಲಿತಾಂಶವನ್ನೂ ನಂಬಬೇಡಿ, ಎಲ್ಲ ಮೊದಲಿಂದ ಮಾಡ್ಬೇಕು ಅಂದರಂತೆ. ಸಮ್ಮೇಳನಕ್ಕೆ ಕಳಿಸುವ ಪ್ರಬಂಧ ನಿಲ್ಲಿಸಿದರು. ಎಂಟು ತಿಂಗಳ ಕೆಲಸ! ಅವರ ಕಾಂಟ್ರಾಕ್ಟು ಮುಂದುವರಿಸುದೇ ಅನುಮಾನ ಅಂತ ಹೇಳ್ತಾ ಇದ್ದಾರೆ. ಪುನಃ ಸ್ಯಾಂಪಲ್ ತರ್ಲಿಕ್ಕೆ ಒಬ್ಬರೇ ಇಬ್ರಿಗೆ ಹೋಗಿದ್ದಾರೆ."

ಮಾಡಿದ್ದಕ್ಕೆ ಅನುಭವಿಸಲಿ ಅಂದುಕೊಂಡಳು ಐಡಾ. ಆದರೂ ಟೀಚರ್ ಹೋದ ಮೇಲೆ ಇಬ್ರಿಯ ಕಾಡಿಗೆಯನ್ನು ಕಪಾಟಿನಿಂದ ಹೊರತೆಗೆದು ನೋಡಿದಳು.

ಮರುದಿನ ಅವಳು ಆ ಹಿತ್ತಾಳೆ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಲ್ಯಾಬಿಗೆ ಹೋದಳು. ಅವನ ತಪ್ಪು ಏನೆಂದು ತನ್ನ ಕಣ್ಣಾರೆ ನೋಡಬೇಕಿತ್ತು. ನೋಡಿ, ಮರೆತುಬಿಡಬೇಕಿತ್ತು.

ಕಾಡಿಗೆಯನ್ನು ಆಮ್ಲದಲ್ಲಿ ಕರಗಿಸಿ ಯಂತ್ರಕ್ಕೆ ಕೊಟ್ಟಳು.

ಸೊನ್ನೆ.

ಏನಿದು? ಡಬ್ಬಿಯ ತಳದಿಂದ ಕೆರೆದು ಮತ್ತೆ ಕೊಟ್ಟಳು. ಮುಚ್ಚಳದಿಂದ ಕೆರೆದು ಕೊಟ್ಟಳು.

ಸೊನ್ನೆ! ಸೊನ್ನೆ!

ಕಾಡಿಗೆಯಲ್ಲಿ ಸೀಸ ಇರಲೇ ಇಲ್ಲ! ಎಡ್ವರ್ಡ್ ಹೇಳಿದ್ದು ಅಕ್ಷರಶಃ ನಿಜ!

'ನಾನು ಅವರಿಗೆ ಎಂತೆಂಥ ಮಾತು ಅಂದೆ… ಒಂದು ಸಲ, ಒಂದೇ ಒಂದು ಸಲ ನಾನೇ ಪರೀಕ್ಷೆ ಮಾಡಿ ನೋಡಬಾರದಿತ್ತಾ?'

ಆದರೆ… ಹಾಗಾದರೆ… ಮಗುವಿನ ರಕ್ತಕ್ಕೆ ಆ ಸೀಸ ಬಂದದ್ದು ಎಲ್ಲಿಂದ?

ಅವತ್ತೇ ಮಧ್ಯಾಹ್ನ ಆಸ್ಪತ್ರೆಯಿಂದ ಫ್ಲೇವಿಯ ಹೊಸ ರಕ್ತ ಪರೀಕ್ಷೆಗೆ ಬಂದಿತ್ತು. ಮನೆಗೆ ಹೋದ ಮೇಲೆ ಹೇಗಿದೆ ಎಂದು ನೋಡಲು. ಕಾಡಿಗೆ ಹಚ್ಚುವುದು ನಿಂತು ವಾರಗಳಾಗಿತ್ತು. ಇಳಿದಿರಬೇಕಿತ್ತು.

ಏರಿತ್ತು!

ವಿಷ ಇನ್ನೂ ಮನೆಯಲ್ಲೇ ಇದೆ. ಈ ಹೊತ್ತಿಗೂ ಮಗುವಿನ ಮೈ ಸೇರುತ್ತಿದೆ!

ಅವಳು ಟ್ಯಾಕ್ಸಿ ಹಿಡಿದು ಹಮ್ರಿಯಾಕ್ಕೆ ಬಂದಳು. ಅಡುಗೆಮನೆ, ನಲ್ಲಿ, ಹಾಲಿನಪುಡಿ ಡಬ್ಬ, ಗೋಡೆಯ ಬಣ್ಣ, ಮಗುವಿನ ಪೆನ್ಸಿಲು, ಗೊಂಬೆ. ಒಂದೊಂದನ್ನೂ ಎತ್ತಿ ನೋಡಿದಳು. ಡಾಲಿ ಮೂಲೆಯಲ್ಲಿ ನಿಂತು ಹುಚ್ಚಿಯನ್ನು ನೋಡುವ ಹಾಗೆ ನೋಡುತ್ತಿದ್ದಳು.

ಸಂಜೆ ಕಂಪನಿಯ ಪಿಕಪ್ ಹಾರ್ನ್ ಹೊಡೆಯಿತು. ಮೆಟ್ಟಿಲ ಮೇಲೆ ಬೊನಿಫಾಸನ ಹೆಜ್ಜೆ.

"ಪಪ್ಪಾ!"

ಫ್ಲೇವಿ ಓಡಿದಳು. ಬೊನಿಫಾಸ್ ಬಾಗಿ ಮಗಳನ್ನು ಎತ್ತಿಕೊಂಡ. ಅವಳು ಅಪ್ಪನ ಅಂಗಿಗೆ ಮುಖ ಒತ್ತಿ, ಕುತ್ತಿಗೆ ತಬ್ಬಿದಳು. ದಿನಾ ನಡೆಯುವುದೇ. ಆ ಮನೆಯಲ್ಲಿ ಎಲ್ಲಕ್ಕಿಂತ ಚಂದದ ಗಳಿಗೆ ಅದು.

ಮಗು ಮುಖ ಎತ್ತಿದಾಗ ಅದರ ಕೆನ್ನೆಯ ಮೇಲೆ ಬೂದು ಬಣ್ಣದ ಗೆರೆ ಇತ್ತು. ಫ್ಲೇವಿ ನಾಲಿಗೆ ಚಾಚಿ ತುಟಿ ಸವರಿಕೊಂಡಳು.

ಐಡಾ ಅದನ್ನು ನೋಡಿದಳು.

"ಅಣ್ಣಾ! ಮಗುವನ್ನು ಕೆಳಗೆ ಬಿಡು! ಬಿಡು ಅಂದೆ!"

ಓಡಿಹೋಗಿ ಫ್ಲೇವಿಯನ್ನು ಕಿತ್ತುಕೊಂಡಳು. ಮಗು ಬೆದರಿ ಅತ್ತಿತು. ಡಾಲಿ "ಎಂತ ಆಗಿದೆ ನಿನಗೆ?" ಎಂದು ಕಿರುಚಿದಳು. ಐಡಾ ಅಣ್ಣನ ತೋಳಿನ ಮೇಲೆ ಬೆರಳಾಡಿಸಿದಳು. ಬೆರಳ ತುದಿಯಲ್ಲಿ ನುಣ್ಣನೆಯ ಬೂದು ಧೂಳು.

"ಇದು ಎಂತ ಅಣ್ಣಾ? ನೀನು ಸ್ಟೋರ್‌ಕೀಪರ್ ಅಲ್ವಾ? ಕುರ್ಚಿಯಲ್ಲಿ ಕೂತು ಕೆಲಸ ಮಾಡುವವನ ಅಂಗಿಯಲ್ಲಿ ಇದು ಎಲ್ಲಿಂದ ಬಂತು?"

ಬೊನಿಫಾಸ್ ತಲೆ ತಗ್ಗಿಸಿದ.

"ಸ್ಟೋರು ಮುಚ್ಚಿ ವರ್ಷದ ಮೇಲಾಯ್ತು," ಎಂದ. "ಇರುದಾದರೆ ಶೆಡ್ಡಿನಲ್ಲಿ ಇರು, ಇಲ್ಲದಿದ್ದರೆ ಊರಿಗೆ ಹೋಗು ಅಂದರು. ಹಳೆ ಬ್ಯಾಟರಿ ಒಡೆದು, ಒಳಗಿನದ್ದು ಕರಗಿಸುವ ಕೆಲಸ. ನಾಚಿಕೆ ಆಯ್ತು ಐಡಾ… ನೀನು ಲ್ಯಾಬಿನಲ್ಲಿ ಕೋಟು ಹಾಕಿಕೊಂಡು ಕೂರುವವಳು. ಡಾಲಿ ಊರಲ್ಲೆಲ್ಲ ಗಂಡ ಆಫೀಸಿನಲ್ಲಿ ಇದ್ದಾನೆ ಅಂತ ಹೇಳಿದ್ದಾಳೆ. ನಾನು ಹೇಗೆ ಹೇಳಲಿ?"

"ಒಳಗಿನದ್ದು ಅಂದರೆ ಎಂತದು ಅಣ್ಣಾ?"

ಅಷ್ಟರಲ್ಲಿ ಅವನಿಗೂ ಅರ್ಥವಾಗಿತ್ತು.

"ಸೀಸ…"

ಡಾಲಿ ಗೋಡೆಗೆ ಒರಗಿ ಹಾಗೇ ಜಾರಿ ಕೂತಳು. ಇಷ್ಟು ದಿನ ಆ ಬಟ್ಟೆಯನ್ನು ಮಗುವಿನ ಬಟ್ಟೆಯ ಜೊತೆ ಒಟ್ಟಿಗೆ ತೊಳೆದವಳು ಅವಳು. ಇಷ್ಟು ದಿನ ಆ ಎದೆಯ ಮೇಲೆ ಮಗಳನ್ನು ಮಲಗಿಸಿಕೊಂಡವನು ಅವನು.

"ನಾನಾ?" ಬೊನಿಫಾಸ್ ತನ್ನ ಎರಡೂ ಅಂಗೈ ನೋಡಿಕೊಂಡ. "ಐಡಾ, ನನ್ನ ಮಗಳಿಗೆ… ನಾನಾ?"

ಗಂಡಸೊಬ್ಬ ಹಾಗೆ ಅಳುವುದನ್ನು ಐಡಾ ನೋಡಿರಲಿಲ್ಲ. ಅವಳು ಅಣ್ಣನ ಹತ್ತಿರ ಹೋಗಲಾರದೆ, ಮಗುವನ್ನು ಬಿಡಲಾರದೆ, ನಡುವೆ ನಿಂತು ತಾನೂ ಅತ್ತಳು.

ಆಮೇಲೆ ಕಣ್ಣೊರೆಸಿಕೊಂಡು ಅಣ್ಣನನ್ನು ಸ್ನಾನಕ್ಕೆ ಕಳಿಸಿದಳು. ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿದಳು. ಅತ್ತಿಗೆಯ ಜೊತೆ ಕೂತು ಇಡೀ ಮನೆಯ ನೆಲ ಒದ್ದೆ ಬಟ್ಟೆಯಿಂದ ಒರೆಸಿದಳು. ಒರೆಸುತ್ತಾ ಒರೆಸುತ್ತಾ ಡಾಲಿ ನಿಂತು, ಐಡಾಳ ಒದ್ದೆ ಕೈ ಹಿಡಿದುಕೊಂಡಳು. ಕ್ಷಮಿಸು ಎಂದು ಅವಳ ಬಾಯಿಗೆ ಬರಲಿಲ್ಲ. ಕೈ ಮಾತ್ರ ಬಿಡಲಿಲ್ಲ.

ಚೀಲದ ಬಟ್ಟೆಯನ್ನು ಪರೀಕ್ಷಿಸಿದಾಗ ಯಂತ್ರದ ಅಂಕಿ ಅಳತೆ ಮೀರಿ ಹೋಯಿತು. ಇನ್ನು ಅನುಮಾನವೇ ಇರಲಿಲ್ಲ.

ಆದರೆ ಐಡಾಳಿಗೆ ಅಸಲು ಸಂಕಟ ಶುರುವಾದದ್ದು ಆಗಲೇ.

ಸತ್ಯ ಹೇಳಿದರೆ ಎಡ್ವರ್ಡನ ಹೆಸರು ಉಳಿಯುತ್ತದೆ. ಅವನ ಕೆಲಸ ಉಳಿಯುತ್ತದೆ. ಅಣ್ಣನದು? ಶೆಡ್ಡಿನ ವಿಷಯ ಹೊರಬಿದ್ದರೆ ವೀಸಾ ಕೊಟ್ಟ ಕಫೀಲ್, ಕಂಪನಿಯ ಒಡೆಯ, ಸುಮ್ಮನಿರುವನೇ? ವೀಸಾ ರದ್ದು ಮಾಡಿ ಎಲ್ಲರನ್ನೂ ವಿಮಾನ ಹತ್ತಿಸಿದರೆ? ಚಿಕಿತ್ಸೆ ಅರ್ಧಕ್ಕೆ ನಿಂತರೆ?

'ಒಬ್ಬರನ್ನು ಉಳಿಸಲು ಇನ್ನೊಬ್ಬರನ್ನು ಹೇಗೆ ಮುಳುಗಿಸಲಿ ದೇವರೇ?'

ಅವಳ ಮುಖ ನೋಡಿ ಅಣ್ಣನೇ ಕೇಳಿದ. ಅವಳು ಮುಚ್ಚಿಡದೆ ಎಲ್ಲ ಹೇಳಿದಳು. ಎಡ್ವರ್ಡನ ಮೇಲೆ ತನಗಿರುವ ಪ್ರೀತಿಯನ್ನೂ.

ಬೊನಿಫಾಸ್ ಕಿಟಕಿಯ ಹೊರಗೆ ನೋಡಿದ.

"ಶೆಡ್ಡಿನಲ್ಲಿ ನಾನೊಬ್ಬನೇ ಅಲ್ಲ ಐಡಾ. ಕಾಸರಗೋಡಿನ ಮಮ್ಮದ್ ಇದ್ದಾನೆ. ಅವನ ಹೆಂಡತಿ ಮಕ್ಕಳು ಹೋದ ತಿಂಗಳಷ್ಟೇ ಬಂದಿದ್ದಾರೆ, ಕೈಗೂಸು ಉಂಟು. ನಾನು ಬಾಯಿ ಮುಚ್ಚಿಕೊಂಡರೆ ಆ ಮಗು ಎಂತ ಆಗ್ತದೆ?" ಅವನು ಎದ್ದ. "ನಡಿ. ನಿಮ್ಮ ಡಾಕ್ಟರಮ್ಮನ ಹತ್ರ ನಾನೇ ಹೇಳ್ತೇನೆ."

ಡಾಕ್ಟರ್ ರಹ್ಮಾ ಅವರ ಕೋಣೆಯಲ್ಲಿ ಬೊನಿಫಾಸ್ ಕೈಕಟ್ಟಿ ನಿಂತು, ತನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲ ಹೇಳಿದ. ಆ ಗಂಭೀರ ಹೆಂಗಸು ಕುರ್ಚಿಯಿಂದ ಎದ್ದು ಬಂದು ಅವನನ್ನು ಕೂರಿಸಿ, ತಾವೇ ನೀರು ಕೊಟ್ಟರು.

"ನಾವು ಕಣ್ಣನ್ನಷ್ಟೇ ನೋಡುತ್ತಿದ್ದೆವು," ಎಂದರು ಐಡಾಳ ಕಡೆ ತಿರುಗಿ. "ಘಾಲಾವನ್ನು ನಾವು ನೋಡಲೇ ಇಲ್ಲ. ಈ ಸಂಶೋಧನೆ ಇನ್ನು ಅಲ್ಲಿಗೂ ಹೋಗುತ್ತದೆ." ಆಮೇಲೆ, "ಎಡ್ವರ್ಡ್‌ಗೆ ಯಾರು ಹೇಳುತ್ತೀರಿ?" ಎಂದರು.

"ನಾನು," ಎಂದಳು ಐಡಾ.

ಎರಡು ದಿನ ಬಿಟ್ಟು, ಇಬ್ರಿಯ ಶಾಲೆಯ ಮಕ್ಕಳ ಕಲಿಕೆ ಅಳೆಯಲು ಹೊರಟಿದ್ದ ಲೋಲಾಕ್ಷಿ ಟೀಚರ್ ಜೊತೆ ಅವಳೂ ಜೀಪು ಹತ್ತಿದಳು. ದಾರಿಯುದ್ದಕ್ಕೂ ಅವಳು ಮಾತು ಜೋಡಿಸುತ್ತಿದ್ದಳು. ಕ್ಷಮಿಸಿ ಅನ್ನಲೇ? ಕಾಲಿಗೆ ಬೀಳಲೇ? ಅವರು ಮುಖ ತಿರುಗಿಸಿದರೆ? ತಿರುಗಿಸಿದರೂ ತಪ್ಪೇನು?

ಎಡ್ವರ್ಡ್ ಇಬ್ರಿಯ ಸೂಕ್ ಬದಿಯ ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ಮುಂದೆ ಸಾಲಾಗಿ ಸ್ಯಾಂಪಲ್ ಡಬ್ಬಿಗಳು. ಲೋಲಾಕ್ಷಿ ಜೀಪಿನಲ್ಲೇ ಉಳಿದಳು.

ಐಡಾಳನ್ನು ಕಂಡು ಅವನು ಗಕ್ಕನೆ ಎದ್ದ. ಅವನ ಬಾಯಿಂದ ಬಂದ ಮೊದಲ ಮಾತು…

"ಕೂಸು ಹೆಂಗೈತ್ರೀ?"

ಐಡಾ ಜೋಡಿಸಿಟ್ಟುಕೊಂಡ ಮಾತೆಲ್ಲ ಚೆಲ್ಲಿಹೋಯಿತು.

"ಚೆನ್ನಾಗಿದ್ದಾಳೆ… ಎಡ್ವರ್ಡ್, ಕಾಡಿಗೆ ಅಲ್ಲ! ನೀವು ಹೇಳಿದ್ದು ಸರಿ ಇತ್ತು! ನಾನೇ ಪರೀಕ್ಷೆ ಮಾಡಿ ನೋಡಿದೆ. ಅದರಲ್ಲಿ ಎಂತದೂ ಇರಲಿಲ್ಲ…"

ಅಣ್ಣನ ವಿಷಯ, ಶೆಡ್ಡಿನ ವಿಷಯ, ಅಂಗಿಯ ಧೂಳಿನ ವಿಷಯ, ಒಂದನ್ನೂ ಬಿಡದೆ ಹೇಳಿದಳು. ಅವನು ಕೇಳುತ್ತಾ ಕೇಳುತ್ತಾ ಬೆಂಚಿನ ಮೇಲೆ ಕುಸಿದು ಕೂತ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನ ಹೆಗಲು ಅಲುಗುತ್ತಿತ್ತು.

"ನನಗ ಊಟ ಸೇರ್ತಿರಲಿಲ್ರೀ," ಎಂದ ಕೈ ತೆಗೆಯದೆ. "ಆ ಕೂಸಿನ ಮುಖನ ಕಣ್ಮುಂದ ಬರ್ತಿತ್ತು. ನನ್ನ ಕೈಯಿಂದ ಒಂದು ಕೂಸು… ಅಂತ. ನಿಮ್ಮಣ್ಣ ಈಗ ಹೆಂಗ ತಡಕೊಂಡಾರು?"

ಇವನ ಹೆಸರು ಕೆಟ್ಟಿತ್ತು. ಕೆಲಸ ಹೋಗುವುದರಲ್ಲಿತ್ತು. ಆದರೂ ಕೇಳಿದ್ದು ಮಗುವನ್ನು, ಆಮೇಲೆ ಅಣ್ಣನನ್ನು!

ಐಡಾ ಅವನ ಪಕ್ಕದಲ್ಲಿ ಕೂತಳು.

"ಕಫೀಲ್ ಮೊದಲು ಖಲಾಸ್ ಅಂದ. ಆಮೇಲೆ ಡಾಕ್ಟರ್ ರಹ್ಮಾ ಮಾತಾಡಿದ ಮೇಲೆ, ಬೇರೆ ಕಡೆ ಕೆಲಸ ಹುಡುಕಲು ಬಿಡ್ತೇನೆ ಅಂದಿದ್ದಾನೆ. ಆ ಧೂಳು ಇಷ್ಟು ವಿಷ ಅಂತ ಅವನಿಗೂ ಗೊತ್ತಿರಲಿಲ್ಲವಂತೆ. ಅವನ ಮಕ್ಕಳೂ ಆ ಶೆಡ್ಡಿಗೆ ಆಡಲಿಕ್ಕೆ ಬರ್ತಿದ್ದರಂತೆ… ನಡುಗಿಹೋದನಂತೆ." ಅವಳು ತಲೆ ಎತ್ತಿದಳು. "ನಾನು ನಿಮಗೆ ಹಾಗೆಲ್ಲ ಹೇಳಬಾರದಿತ್ತು. ನನ್ನನ್ನು ಕ್ಷಮಿಸ್ತೀರಾ?"

"ಕ್ಷಮಾ ಯಾಕ್ರೀ? ಕೂಸಿನ ಸಲುವಾಗಿ ಒದರಿದ್ರಿ." ಅವನು ಅವಳನ್ನು ನೇರವಾಗಿ ನೋಡಿದ. "ಆದ್ರ ಒಂದ್ ಮಾತು ಕೇಳ್ತೀನಿ. ಖರೇ ಹೇಳ್ಬೇಕು. ನನ್ನ ಪರೀಕ್ಷೆ ಖರೇನ ತಪ್ಪಾಗಿದ್ರ… ನೀವು ಇಲ್ಲಿತನಕ ಬರ್ತಿದ್ರೇನು?"

ಐಡಾ ತಟ್ಟನೆ ಹೌದು ಅನ್ನಬಹುದಿತ್ತು. ಆದರೆ ಈ ಮನುಷ್ಯನ ಮುಂದೆ ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

"ಬರ್ತಿದ್ದೆ," ಎಂದಳು ನಿಧಾನವಾಗಿ. "ಆದರೆ ಇಷ್ಟು ಬೇಗ ಅಲ್ಲ. ಸಿಟ್ಟು ಇಳೀಲಿಕ್ಕೆ ತುಂಬ ದಿನ ಬೇಕಾಗ್ತಿತ್ತು. ಬಹುಶಃ ವರ್ಷಗಳೇ… ಆದರೂ ಬರ್ತಿದ್ದೆ. ನಿಮ್ಮನ್ನು ನೋಡದೆ ಇರಲಿಕ್ಕೆ ನನಗೆ ಆಗುದಿಲ್ಲ ಎಡ್ವರ್ಡ್. ಈ ವಾರಗಳಲ್ಲಿ ಅದು ಗೊತ್ತಾಯ್ತು."

ಅವನ ಕಣ್ಣು ತುಂಬಿತು.

"ಹಂಗಾದ್ರ ವರ್ಷಗಟ್ಟಲೆ ಕಾಯ್ತಿದ್ದೆ," ಎಂದ. "ಐಡಾ, ನಿಮ್ಮನ್ನ ಭಾಳ ಪ್ರೀತಿ ಮಾಡ್ತೀನಿ. ಇನ್ನ ತಡ ಮಾಡಿದ್ರ ನನಗ ಹೇಳಾಕ ಧೈರ್ಯ ಬರೂದಿಲ್ಲ. ಮದಿವಿ ಆಗೂಣೇನು?"

ಅವಳು ಅಳುತ್ತಾ ನಕ್ಕಳು. "ನನ್ನ ಅಮ್ಮ ಗಲಾಟೆ ಮಾಡ್ತಾರೆ. ನಾವು ಕ್ಯಾಥೊಲಿಕ್, ನೀವು ಬಾಸೆಲ್ ಮಿಶನ್. ಅವರಿಗೆ ಕೊಂಕಣಿ ಬಿಟ್ಟರೆ ಬೇರೆ ಬರುದಿಲ್ಲ. ನಿಮ್ಮ ಈ ಕನ್ನಡ ಕೇಳಿದರೆ ಜಗಳಕ್ಕೆ ಬಂದಿದ್ದಾರೆ ಅಂದುಕೊಳ್ತಾರೆ!"

"ಹಂಗಾದ್ರ ಕೊಂಕಣಿಯಾಗ ಕೇಳ್ತೀನಿ. ನಿಮ್ಮವ್ವಗ ಏನಂತ ಕೇಳ್ಬೇಕು? ಕಲಿಸ್ರಿ."

"ಈಗಲಾ?"

"ಈಗನ."

ಐಡಾ ನಾಚಿ, ತಲೆ ತಗ್ಗಿಸಿ, ಮೆಲ್ಲನೆ ಹೇಳಿಕೊಟ್ಟಳು. "ತುಮ್ಚಿ ಧುವ್ ಮ್ಹಾಕಾ ದಿಯಾ. ನಿಮ್ಮ ಮಗಳನ್ನು ನನಗೆ ಕೊಡಿ ಅಂತ."

ಎಡ್ವರ್ಡ್ ಎದ್ದು ನಿಂತ. ಅಂಗಿ ಸರಿಮಾಡಿಕೊಂಡ. ಅವಳ ಅಮ್ಮನೇ ಎದುರಿಗೆ ಕೂತಿರುವಂತೆ ಕೈಮುಗಿದು, ಬೆಟಗೇರಿಯ ಧಾಟಿಯಲ್ಲಿ, ಒಂದೊಂದೇ ಪದ ಎಣಿಸಿ ಎಣಿಸಿ ಹೇಳಿದ.

"ತುಮ್ಚಿ… ಧುವ್… ಮ್ಹಾಕಾ… ದಿಯಾ… ರೀ."

ಜೀಪಿನಿಂದ ಲೋಲಾಕ್ಷಿ ಟೀಚರ್ ಗೊಳ್ಳೆಂದು ನಕ್ಕಳು. ಐಡಾ ನಗಲಿಲ್ಲ. ಎದ್ದು ಬಂದು, ಅವನ ಮುಗಿದ ಕೈಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ದಿಲಿ," ಎಂದಳು.

"ಅಂದ್ರ?"

"ಕೊಟ್ಟೆ ಅಂತ."